ಕೋಳಿಯ ಆಹಾರದಲ್ಲಿ ಬದಲಿ ಧಾನ್ಯ, ಬದಲಿ ಹಿಂಡಿ: ಅಗ್ಗವೆಂದರೆ ಯಾವುದು?



ಹೈದರಾಬಾದಿನ ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರೇ ಹೆಚ್ಚು. ಇವರಲ್ಲಿ ಕೆಲವರು ಇಲ್ಲಿ ದುಡಿದು ಉಳಿಸಿದ ಹಣವನ್ನು ಊರಿನಲ್ಲಿರುವ ತಮ್ಮನಿಗೋ ಅಳಿಯನಿಗೋ ಕೊಟ್ಟು, ಹೊಲದ ಬದಿಯಲ್ಲಿ ಒಂದು ಕೋಳಿ ಶೆಡ್ಡು ಹಾಕಿಸುವ ವಿಚಾರದಲ್ಲಿದ್ದಾರೆ. ಅವರೆಲ್ಲರೂ ಕೇಳುವ ಪ್ರಶ್ನೆ ಒಂದೇ: “ಮೆಕ್ಕೆಜೋಳವನ್ನೂ ಸೋಯಾ ಹಿಂಡಿಯನ್ನೂ ದುಡ್ಡು ಕೊಟ್ಟು ಏಕೆ ತರಬೇಕು? ನಮ್ಮ ಹೊಲದಲ್ಲಿ ಜೋಳವಿದೆ, ಸಜ್ಜೆಯಿದೆ. ಊರ ಗಾಣದಲ್ಲಿ ಶೇಂಗಾ ಹಿಂಡಿ ಸಿಗುತ್ತದೆ, ಪೇಟೆಯಲ್ಲಿ ಹತ್ತಿಕಾಳಿನ ಹಿಂಡಿ ಸಿಗುತ್ತದೆ. ಅವನ್ನೇ ಹಾಕಿದರೆ ಆಗದೆ?”

ಪ್ರಶ್ನೆ ನ್ಯಾಯವಾದದ್ದೇ. ಬ್ರಾಯ್ಲರ್ ಕೋಳಿ ಸಾಕುವ ಖರ್ಚಿನಲ್ಲಿ ನೂರಕ್ಕೆ ೬೫ರಿಂದ ೭೦ ರೂಪಾಯಿ ಆಹಾರಕ್ಕೇ ಹೋಗುತ್ತದೆ. ೨೦೨೧ರಲ್ಲಿ ಸೋಯಾ ಹಿಂಡಿಯ ಬೆಲೆ ಏರಿ, ಕೋಳಿ ಸಾಕುವವರು ಕಂಗೆಟ್ಟಾಗ ಭಾರತ ಸರಕಾರವು ೧೨ ಲಕ್ಷ ಟನ್ನು ಸೋಯಾ ಹಿಂಡಿಯನ್ನು ಹೊರದೇಶಗಳಿಂದ ತರಿಸಲು ಆ ವರ್ಷದ ಆಗಸ್ಟಿನಲ್ಲಿ ಅನುಮತಿ ಕೊಡಬೇಕಾಯಿತು. ಈಚೆಗೆ ಮೆಕ್ಕೆಜೋಳವು ಮದ್ಯಸಾರದ ಕಾರಖಾನೆಗಳಿಗೂ ಹೋಗುತ್ತಿರುವುದರಿಂದ ಅದಕ್ಕೂ ಬೇಡಿಕೆ ಹೆಚ್ಚಿದೆ. ಆದುದರಿಂದ ಬದಲಿ ಪದಾರ್ಥಗಳ ವಿಚಾರ ಮಾಡುವವನು ಜಾಣನೇ ಸರಿ. ಆದರೆ ಆ ವಿಚಾರವನ್ನು ಅರ್ಧಕ್ಕೇ ನಿಲ್ಲಿಸಿದರೆ ನಷ್ಟ.

ನಾವು ಎಣ್ಣೆಗಿರಣಿಯಲ್ಲಿ ಲೆಕ್ಕ ಬರೆಯುವವರೇ ಹೊರತು ಪಶುವೈದ್ಯರಲ್ಲ. ಹಿಂಡಿಯ ಮೂಟೆಗಳ ತೂಕ, ತೇವ, ದರಗಳನ್ನು ದಿನವೂ ಬರೆದಿಡುವ ಕಾರಣದಿಂದ ಈ ವಿಷಯವನ್ನು ಓದಿ ತಿಳಿದುಕೊಳ್ಳುವ ಅಪೇಕ್ಷೆ ನಮಗೆ ಹುಟ್ಟಿತು. ಓದಿದ್ದನ್ನು ಕ್ರಮವಾಗಿ ಇಲ್ಲಿ ಹೇಳುತ್ತೇವೆ.

ಬ್ರಾಯ್ಲರ್ ಮರಿಯ ಅವಸರ

ಮನೆಯಂಗಳದ ನಾಟಿ ಕೋಳಿಗೂ ಬ್ರಾಯ್ಲರ್ ಕೋಳಿಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ನಾಟಿ ಕೋಳಿ ಹುಳು, ಹುಲ್ಲು, ಕಾಳು ಎಂದು ಕೆದಕಿ ತಿಂದು ನಿಧಾನವಾಗಿ ಬೆಳೆಯುತ್ತದೆ. ಒಂದರಲ್ಲಿ ಕಡಮೆ ಬಿದ್ದುದನ್ನು ಮತ್ತೊಂದರಿಂದ ತುಂಬಿಕೊಳ್ಳುತ್ತದೆ. ಬ್ರಾಯ್ಲರ್ ಮರಿಗೆ ಆ ಅವಕಾಶವಿಲ್ಲ. ಮೊಟ್ಟೆಯಿಂದ ಹೊರಬಂದಾಗ ೪೦ ಗ್ರಾಮಿನಷ್ಟಿರುವ ಮರಿ ಐದಾರು ವಾರಗಳಲ್ಲಿ ಎರಡು ಕಿಲೋ ತೂಗಬೇಕು, ಎಂದರೆ ಐವತ್ತು ಪಟ್ಟು ಬೆಳೆಯಬೇಕು. ಅದು ತಿನ್ನುವುದು ನಾವು ಮುಂದಿಟ್ಟುದನ್ನು ಮಾತ್ರ. ಅದರಲ್ಲಿ ಏನಾದರೂ ಕೊರತೆಯಿದ್ದರೆ, ವಿಷವಿದ್ದರೆ, ಅದರ ಫಲ ವಾರದೊಳಗೆ ಮೈಮೇಲೆ ಕಾಣುತ್ತದೆ.

ಮರಿಯ ಆಹಾರಕ್ಕೆ ಮುಖ್ಯವಾಗಿ ಎರಡು ಬೇಕು. ಮೊದಲನೆಯದು ಶಕ್ತಿ, ಇದು ಧಾನ್ಯದ ಪಿಷ್ಟದಿಂದಲೂ ಎಣ್ಣೆಯಿಂದಲೂ ಬರುತ್ತದೆ. ಎರಡನೆಯದು ಸಸಾರಜನಕ, ಎಂದರೆ ಪ್ರೋಟೀನು. ಇದು ಹೆಚ್ಚಾಗಿ ಹಿಂಡಿಯಿಂದ ಬರುತ್ತದೆ. ಎಳೆಯ ಮರಿಗೆ ನೂರರಲ್ಲಿ ೨೨-೨೩ ಪಾಲು, ಕೊನೆಯ ವಾರಗಳಲ್ಲಿ ೧೯-೨೦ ಪಾಲು ಸಸಾರಜನಕ ಬೇಕು. ರೂಢಿಯ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೆಕ್ಕೆಜೋಳ, ಸುಮಾರು ಮೂರನೆಯ ಒಂದು ಪಾಲು ಸೋಯಾ ಹಿಂಡಿ, ಉಳಿದದ್ದು ಎಣ್ಣೆ, ಖನಿಜ, ಉಪ್ಪು, ಜೀವಸತ್ವಗಳು.

ಸಸಾರಜನಕವೆಂಬುದು ಒಂದೇ ವಸ್ತುವಲ್ಲ, ಇಪ್ಪತ್ತು ಬಗೆಯ ಅಮೈನೊ ಆಮ್ಲಗಳು ಸೇರಿ ಆದುದು. ಹಿಂದಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವಾಗ ‘ಕ’ ಎಂಬ ಅಕ್ಷರದ ಮೊಳೆ ಮುಗಿದರೆ, ಉಳಿದ ಅಕ್ಷರಗಳು ಎಷ್ಟು ರಾಶಿಯಿದ್ದರೂ ಪುಟ ಮುಂದೆ ಸಾಗುತ್ತಿರಲಿಲ್ಲ. ಹಾಗೆಯೇ ಲೈಸಿನ್, ಮೆಥಿಯೊನಿನ್ ಎಂಬ ಎರಡು ಆಮ್ಲಗಳಲ್ಲಿ ಒಂದು ಕಡಮೆಯಾದರೂ ಮರಿಯ ಮಾಂಸ ಬೆಳೆಯುವುದು ನಿಲ್ಲುತ್ತದೆ. ಚೀಲದ ಮೇಲೆ ಬರೆದ ಸಸಾರಜನಕದ ಅಂಕಿಯೊಂದನ್ನೇ ನೋಡಿ ಹಿಂಡಿ ಕೊಳ್ಳಬಾರದೆನ್ನುವುದು ಇದಕ್ಕಾಗಿ.

ಕೋಳಿಗಳು ಕಲಿಸಿದ ಒಂದು ಪಾಠ

ಆಹಾರದಲ್ಲಿ ಒಂದು ಸಣ್ಣ ಬದಲಾವಣೆ ಕೋಳಿಗೆ ಏನು ಮಾಡೀತೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ೧೮೮೯ರ ಸುಮಾರಿಗೆ ಜಾವಾದ್ವೀಪದ ಬಟೇವಿಯಾದಲ್ಲಿ, ಈಗಿನ ಜಕಾರ್ತದಲ್ಲಿ, ಕ್ರಿಸ್ತಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದರು. ಅವರ ಪ್ರಯೋಗಶಾಲೆಯ ಕೋಳಿಗಳು ಇದ್ದಕ್ಕಿದ್ದಂತೆ ಕಾಲಿನ ಬಲ ತಪ್ಪಿ ಬೀಳತೊಡಗಿದವು. ಕೆಲವು ತಿಂಗಳಲ್ಲಿ ರೋಗ ತಾನಾಗಿಯೇ ನಿಂತುಹೋಯಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ತಿಂಗಳುಗಳಲ್ಲಿ ಕೋಳಿಗಳಿಗೆ ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿಯ ಅನ್ನವನ್ನು ಹಾಕುತ್ತಿದ್ದರು. ಆಮೇಲೆ ಬಂದ ಅಡುಗೆಯವನು ಸೈನ್ಯದ ಅಕ್ಕಿಯನ್ನು ಸೈನ್ಯದ್ದಲ್ಲದ ಕೋಳಿಗಳಿಗೆ ಕೊಡೆನೆಂದ. ಆಗ ತೌಡು ತೆಗೆಯದ ಅಕ್ಕಿ ಹಾಕಿದರು, ಕೋಳಿಗಳು ಚೇತರಿಸಿಕೊಂಡವು.

ತೌಡಿನಲ್ಲಿದ್ದ ಆ ವಸ್ತುವನ್ನು ಈಗ ನಾವು ಬಿ-೧ ಜೀವಸತ್ವವೆಂದು ಕರೆಯುತ್ತೇವೆ. ಜೀವಸತ್ವಗಳ ಶೋಧಕ್ಕೆ ದಾರಿ ತೋರಿಸಿದ್ದಕ್ಕಾಗಿ ಐಕ್ಮನ್ನರಿಗೆ ೧೯೨೯ರಲ್ಲಿ ನೊಬೆಲ್ ಬಹುಮಾನ ಬಂತು. ಅನ್ನದಿಂದ ಆ ಕೋಳಿಗಳ ಹೊಟ್ಟೆ ತುಂಬುತ್ತಿತ್ತು, ಆದರೂ ಅವು ರೋಗಕ್ಕೆ ಬಿದ್ದವು. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ.

ಧಾನ್ಯಗಳು: ಜೋಳ, ಸಜ್ಜೆ, ನುಚ್ಚು, ತೌಡು

ಮೊದಲು ನಮ್ಮ ಬಿಳಿಜೋಳ. ಮಾಲದಂಡಿಯಂಥ ಹಿಂಗಾರಿ ಬಿಳಿಜೋಳ ಮೆಕ್ಕೆಜೋಳಕ್ಕೆ ಒಳ್ಳೆಯ ಬದಲಿ. ಶಕ್ತಿಯಲ್ಲಿ ಸ್ವಲ್ಪವೇ ಕಡಮೆ, ಸಸಾರಜನಕದಲ್ಲಿ ತುಸು ಹೆಚ್ಚು. ಮೆಕ್ಕೆಜೋಳದ ಹಳದಿ ಬಣ್ಣದ ಅಂಶ ಇದರಲ್ಲಿಲ್ಲವಾದ್ದರಿಂದ ಕೋಳಿಯ ಚರ್ಮವೂ ಕಾಲೂ ಬಿಳಿಚಾಗಿ ಕಾಣುತ್ತವೆ. ಇದು ರೋಗವಲ್ಲ, ಆದರೆ ಹಳದಿ ಚರ್ಮವನ್ನೇ ಕೇಳುವ ಗಿರಾಕಿಯಿದ್ದರೆ ಮೊದಲೇ ತಿಳಿದಿರಬೇಕು.

ಹಕ್ಕಿಗಳು ತಿನ್ನದಂತೆ ಬೆಳೆಸಿದ ಕೆಲವು ಕಂದುಜೋಳಗಳ ಮಾತು ಬೇರೆ. ಅವುಗಳಲ್ಲಿ ಟ್ಯಾನಿನ್ ಎಂಬ ಒಗರು ಇರುತ್ತದೆ. ಇದು ಸಸಾರಜನಕವನ್ನು ಹಿಡಿದುಕೊಂಡು ಜೀರ್ಣವಾಗಲು ಬಿಡುವುದಿಲ್ಲ. ಮರಿ ಬೆಳೆಯುವುದು ಕುಂಠಿತವಾಗಿ ಕೆಲವೊಮ್ಮೆ ಕಾಲುಗಳೂ ಸೊಟ್ಟಗಾಗುತ್ತವೆ. ಬಣ್ಣವೊಂದನ್ನೇ ನೋಡಿ ತೀರ್ಮಾನಿಸಬಾರದು, ಏಕೆಂದರೆ ಕೆಂಪುಜೋಳದಲ್ಲಿಯೂ ಟ್ಯಾನಿನ್ ಇಲ್ಲದ ತಳಿಗಳುಂಟು. ಕಾಳಿನ ಮೇಲಿನ ಸಿಪ್ಪೆಯನ್ನು ಚಾಕುವಿನ ಮೊನೆಯಿಂದ ಮೆಲ್ಲನೆ ಕೆರೆದು ನೋಡಿರಿ. ಅದರ ಕೆಳಗೆ ಕಂದುಬಣ್ಣದ ಇನ್ನೊಂದು ಪದರವಿದ್ದರೆ ಆ ಜೋಳ ಮರಿಗಳಿಗೆ ಬೇಡ. ಮುಂಗಾರಿ ಜೋಳವು ತೆನೆಯಲ್ಲಿರುವಾಗಲೇ ಮಳೆಗೆ ಸಿಕ್ಕಿ ಕಪ್ಪಾಗಿದ್ದರೆ, ಅದರಲ್ಲಿ ಬೂಷ್ಟು ಇರುವುದೆಂದು ತಿಳಿದು ದೂರವಿಡಬೇಕು.

ಸಜ್ಜೆಯೂ ಒಳ್ಳೆಯದೇ. ಅದರಲ್ಲಿ ಸಸಾರಜನಕ ಮೆಕ್ಕೆಜೋಳಕ್ಕಿಂತ ಹೆಚ್ಚು. ಎಣ್ಣೆಯ ಅಂಶವೂ ಹೆಚ್ಚು. ಆದರೆ ಆ ಎಣ್ಣೆಯಿಂದಾಗಿಯೇ ಸಜ್ಜೆಯ ಹಿಟ್ಟು ಬೇಗ ಕಮಟು ಹಿಡಿಯುತ್ತದೆ. ರೊಟ್ಟಿ ಮಾಡುವ ತಾಯಂದಿರಿಗೆ ಇದು ಗೊತ್ತಿರುವ ಸಂಗತಿ. ಆಗಾಗ ಬೇಕಾದಷ್ಟೇ ಒಡೆಸಬೇಕು.

ಅಕ್ಕಿಯ ನುಚ್ಚು ರಾಯಚೂರಿನ ಅಕ್ಕಿಗಿರಣಿಗಳಲ್ಲಿ ಯಥೇಷ್ಟವಾಗಿ ಸಿಗುತ್ತದೆ. ಬೇಗ ಜೀರ್ಣವಾಗಿ ಶಕ್ತಿ ಕೊಡುತ್ತದೆ. ತೌಡು ಹಾಗಲ್ಲ. ಗಿರಣಿಯಿಂದ ಬಂದ ಹಸಿ ತೌಡಿನಲ್ಲಿ ಎಣ್ಣೆ ಬಹಳ. ಅಕ್ಕಿಯಿಂದ ಬೇರ್ಪಟ್ಟ ಗಳಿಗೆಯಿಂದಲೇ ಅದು ಕೆಡಲು ತೊಡಗುತ್ತದೆ. ಎಣ್ಣೆ ತೆಗೆದ ತೌಡು ಬಾಳಿಕೆ ಬರುತ್ತದೆ, ಆದರೆ ಅದರಲ್ಲಿ ನಾರು ಹೆಚ್ಚು. ಅದರಲ್ಲಿರುವ ರಂಜಕದ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿ ಕಟ್ಟಿಬಿದ್ದಿರುವುದರಿಂದ ಕೋಳಿಯ ಎಲುಬಿಗೆ ಒದಗುವುದಿಲ್ಲ. ಫೈಟೇಸ್ ಎಂಬ ಕಿಣ್ವವನ್ನು ಬೆರೆಸಿದರೆ ಆ ಕಟ್ಟು ಸಡಿಲವಾಗುತ್ತದೆ. ದನಕ್ಕೆ ಹಾಕುವಂತೆ ಬುಟ್ಟಿಗಟ್ಟಲೆ ತೌಡನ್ನು ಮರಿಗೆ ಹಾಕಿದರೆ, ಅದರ ಚಿಕ್ಕ ಹೊಟ್ಟೆ ನಾರಿನಿಂದಲೇ ತುಂಬಿ ಬೆಳವಣಿಗೆ ಹಿಂದೆ ಬೀಳುತ್ತದೆ.

ಹಿಂಡಿಗಳು: ಸೋಯಾ, ಹತ್ತಿಕಾಳು, ಸೂರ್ಯಕಾಂತಿ

ಬೀದರ ಜಿಲ್ಲೆಯಲ್ಲಿ ಸೋಯಾ ಬೆಳೆ ಬಹಳ. ಮನೆಯ ಸೋಯಾವನ್ನೇ ಒಡೆಸಿ ಹಸಿಯಾಗಿ ಹಾಕಬಹುದೇ ಎಂದರೆ, ಕೂಡದು. ಹಸಿ ಸೋಯಾದಲ್ಲಿ ಜೀರ್ಣರಸಕ್ಕೆ ತಡೆಯೊಡ್ಡುವ ವಸ್ತುವಿದೆ. ಅದನ್ನು ತಿಂದ ಮರಿಯ ಮೇದೋಜೀರಕ ಗ್ರಂಥಿ ಹೆಚ್ಚು ರಸ ಸುರಿಸಲು ಹೆಣಗಿ ಹೆಣಗಿ ದಪ್ಪವಾಗುತ್ತದೆ, ಮರಿ ಮಾತ್ರ ಬೆಳೆಯುವುದಿಲ್ಲ. ಹದವಾದ ಶಾಖ ಕೊಟ್ಟರೆ ಈ ದೋಷ ಹೋಗುತ್ತದೆ. ಶಾಖ ಮಿತಿಮೀರಿದರೆ ಲೈಸಿನ್ ಸುಟ್ಟುಹೋಗುತ್ತದೆ. ಕಾರಖಾನೆಯ ಹಿಂಡಿಗೆ ನಾವು ಕೊಡುವ ಬೆಲೆಯಲ್ಲಿ ಈ ಹದದ ಬೆಲೆಯೂ ಸೇರಿದೆ.

ಇನ್ನು ಹತ್ತಿಕಾಳಿನ ಹಿಂಡಿ. “ನಮ್ಮ ಎಮ್ಮೆಗೆ ದಿನವೂ ಹಾಕುತ್ತೇವೆ, ಹಾಲು ಗಟ್ಟಿಯಾಗಿ ಕೊಡುತ್ತದೆ, ಕೋಳಿಗೆ ಹಾಕಿದರೇನು?” ಎಂಬ ಮಾತನ್ನು ನಾವು ಅನೇಕ ಸಲ ಕೇಳಿದ್ದೇವೆ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ವಿಷವಸ್ತುವಿದೆ. ಮೆಲುಕು ಹಾಕುವ ಎಮ್ಮೆಯ ಮೊದಲ ಹೊಟ್ಟೆಯಲ್ಲಿ ಅದರ ಬಹುಪಾಲು ಕಟ್ಟಿಬಿದ್ದು ನಿರುಪದ್ರವಿಯಾಗುತ್ತದೆ. ಕೋಳಿಗೆ ಅಂಥ ಹೊಟ್ಟೆಯಿಲ್ಲ. ಗಾಸಿಪಾಲ್ ಲೈಸಿನ್ನನ್ನೂ ಕಬ್ಬಿಣವನ್ನೂ ಹಿಡಿದುಕೊಂಡು ಮರಿಯ ಬೆಳವಣಿಗೆಯನ್ನು ತಗ್ಗಿಸುತ್ತದೆ. ಮೊಟ್ಟೆಕೋಳಿಗೆ ಹಾಕಿದರೆ, ಇಟ್ಟ ಮೊಟ್ಟೆಯ ಭಂಡಾರ ಹಸುರು ಛಾಯೆಗೆ ತಿರುಗುತ್ತದೆ. ಗಾಸಿಪಾಲ್ ಎಷ್ಟಿದೆಯೆಂದು ಪರೀಕ್ಷಿಸಿ, ಅದಕ್ಕೆ ಸರಿಯಾದ ಪ್ರಮಾಣದ ಕಬ್ಬಿಣದ ಲವಣವನ್ನು ಬೆರೆಸಿ, ಲೈಸಿನ್ ಪೂರೈಸಿ ಸ್ವಲ್ಪ ಪಾಲು ಬಳಸುವ ಕ್ರಮವುಂಟು. ಅದು ಪ್ರಯೋಗಶಾಲೆಯಿರುವ ದೊಡ್ಡವರ ಕೆಲಸ. ನಮ್ಮಂಥ ಸಣ್ಣವರು ಅದನ್ನು ಎಮ್ಮೆಗೇ ಬಿಡುವುದು ಕ್ಷೇಮ.

ಸೂರ್ಯಕಾಂತಿ ಹಿಂಡಿಯಲ್ಲಿ ಇಂಥ ವಿಷವಿಲ್ಲ. ಮೆಥಿಯೊನಿನ್ ಚೆನ್ನಾಗಿದೆ, ಲೈಸಿನ್ ಕಡಮೆ. ಸಿಪ್ಪೆ ಸಹಿತ ಹಿಂಡಿದ್ದರೆ ನಾರು ಬಹಳ. ಸಿಪ್ಪೆ ತೆಗೆದದ್ದಾದರೆ ಸೋಯಾದ ಒಂದು ಪಾಲಿಗೆ ಬದಲಿಯಾದೀತು. ಎಳ್ಳಿನ ಹಿಂಡಿಯ ಗುಣವೂ ಹೆಚ್ಚುಕಡಮೆ ಹೀಗೆಯೇ. ಎರಡಕ್ಕೂ ಲೈಸಿನ್ ಬೆರೆಸಬೇಕು.

ಶೇಂಗಾ ಹಿಂಡಿ ಮತ್ತು ೧೯೬೦ರ ಅನಾಹುತ

ಶೇಂಗಾ ಹಿಂಡಿಯನ್ನು ಬೇರೆಯಾಗಿಯೇ ಹೇಳಬೇಕು. ಮರಿಗಳಿಗೆ ಇದರ ರುಚಿ ಹಿಡಿಸುತ್ತದೆ, ಸಸಾರಜನಕ ನೂರಕ್ಕೆ ೪೦ಕ್ಕೂ ಮಿಕ್ಕಿದೆ. ಲೈಸಿನ್ ಮಾತ್ರ ಸೋಯಾದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಆ ಕೊರತೆಯನ್ನು ಬೆರಕೆಯಿಂದ ತುಂಬಬಹುದು. ತುಂಬಲಾಗದ ಅಪಾಯ ಬೇರೊಂದಿದೆ.

೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಯಾವ ರೋಗಾಣುವೂ ಸಿಗದಿದ್ದುದರಿಂದ ಅದಕ್ಕೆ ‘ಟರ್ಕಿ ಎಕ್ಸ್ ಕಾಯಿಲೆ’ ಎಂದು ಹೆಸರಿಟ್ಟರು. ಬಾತುಮರಿಗಳೂ ಸತ್ತವು. ಕೊನೆಗೆ ಕಂಡುಬಂದದ್ದೆಂದರೆ, ಸತ್ತ ಮರಿಗಳು ತಿಂದ ಆಹಾರದಲ್ಲಿ ಬ್ರೆಜಿಲ್ ದೇಶದಿಂದ ಬಂದ ಶೇಂಗಾ ಹಿಂಡಿ ಇತ್ತು. ಆ ಹಿಂಡಿಯಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟು ಉತ್ಪತ್ತಿ ಮಾಡಿದ ವಿಷವಿತ್ತು. ಬೂಷ್ಟಿನ ಹೆಸರಿನಿಂದಲೇ ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂತು.

ಬ್ರಾಯ್ಲರ್ ಮರಿ ಟರ್ಕಿ ಮರಿಗಿಂತ ಗಟ್ಟಿ, ಈ ವಿಷಕ್ಕೆ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಆದರೆ ಸಾಯದಿರುವುದೇ ಒಂದು ಮೋಸ. ವಿಷ ಸ್ವಲ್ಪಸ್ವಲ್ಪವಾಗಿ ಹೋದಾಗ ಯಕೃತ್ತು, ಎಂದರೆ ಈಲಿ, ಊದಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ತೂಕ ಏರುವುದಿಲ್ಲ. ಸ್ವಲ್ಪ ತಾಗಿದರೂ ಚರ್ಮದಡಿ ರಕ್ತ ಹೆಪ್ಪುಗಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ರಾಣಿಖೇತ, ಗುಂಬೋರೊ ರೋಗಗಳಿಗೆ ಲಸಿಕೆ ಹಾಕಿಸಿದ್ದರೂ ಅದು ಸರಿಯಾಗಿ ನಾಟುವುದಿಲ್ಲ. ಆಗ ಸಾಕುವವನು ಲಸಿಕೆಯನ್ನು ಬೈಯುತ್ತಾನೆ, ಮರಿ ಕೊಟ್ಟವನನ್ನು ಬೈಯುತ್ತಾನೆ. ಹಿಂಡಿಯ ಚೀಲದ ಕಡೆಗೆ ಅವನ ದೃಷ್ಟಿಯೇ ಹೋಗುವುದಿಲ್ಲ.

ಎಷ್ಟು ವಿಷ ಹೆಚ್ಚಾಯಿತು? ಅಮೆರಿಕದಲ್ಲಿ ಎಳೆಯ ಪ್ರಾಣಿಗಳ ಆಹಾರಕ್ಕೆ ಇಟ್ಟಿರುವ ಮಿತಿ ನೂರು ಕೋಟಿ ಪಾಲಿನಲ್ಲಿ ೨೦ ಪಾಲು. ಎಂದರೆ ಒಂದು ಟನ್ನು ಆಹಾರದಲ್ಲಿ ೨೦ ಮಿಲಿಗ್ರಾಮು, ಸುಮಾರು ಒಂದು ಅಕ್ಕಿಕಾಳಿನ ತೂಕ. ಇದು ಕಣ್ಣಿಗೆ ಕಾಣುವ ವಸ್ತುವಲ್ಲ. ಮೇಲಿನ ಬೂಷ್ಟನ್ನು ಒರೆಸಿದರೂ, ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ಒಳಗಿನ ವಿಷ ಉಳಿದೇ ಇರುತ್ತದೆ. ಕೆಲವು ಬಗೆಯ ಜೇಡಿಮಣ್ಣಿನ ಪುಡಿಗಳನ್ನು ಬೆರೆಸಿದರೆ ಅವು ವಿಷದ ಒಂದಷ್ಟು ಪಾಲನ್ನು ಹಿಡಿದಿಟ್ಟುಕೊಳ್ಳುತ್ತವೆಂಬುದು ನಿಜ. ಕೆಟ್ಟ ಹಿಂಡಿಯನ್ನು ಹಾಕಲು ಅದೊಂದು ನೆಪವಾಗಬಾರದು.

“ಮನುಷ್ಯರಿಗಾಗದ್ದು ಕೋಳಿಗಾದೀತು” ಎಂಬ ಮಾತನ್ನು ಊರಲ್ಲಿ ಆಡುವುದುಂಟು. ೧೯೭೪ರ ಕೊನೆಯಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಯ ಆದಿವಾಸಿ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದ ಜನರಿಗೆ ಕಾಮಾಲೆ ಬಂದು, ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರ ಮನೆಯ ನಾಯಿಗಳೂ ಸತ್ತವು. ಅದನ್ನು ತನಿಖೆ ಮಾಡಿ ಅಫ್ಲಟಾಕ್ಸಿನ್ ಎಂದು ಲೋಕಕ್ಕೆ ತಿಳಿಸಿದವರು ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು. ಬೂಷ್ಟಿಗೆ ಶೇಂಗಾ ಎಂಬ ಪಕ್ಷಪಾತವಿಲ್ಲ, ಮೆಕ್ಕೆಜೋಳದಲ್ಲಿಯೂ ಬರುತ್ತದೆ. ತೇವವೇ ಅದರ ತಾಯಿ.

ಇದೇ ಕಾರಣಕ್ಕೆ ಈಗ ಪೇಟೆಯಲ್ಲಿ ಅಗ್ಗವಾಗಿ ಸಿಗುವ ಡಿ.ಡಿ.ಜಿ.ಎಸ್. ಎಂಬ ಪದಾರ್ಥದಲ್ಲಿಯೂ ಎಚ್ಚರ ಬೇಕು. ಮದ್ಯಸಾರದ ಕಾರಖಾನೆಯಲ್ಲಿ ಧಾನ್ಯದ ಪಿಷ್ಟವೆಲ್ಲ ಖರ್ಚಾದ ಮೇಲೆ ಉಳಿಯುವ ಒಣ ಭಾಗವಿದು. ಪಿಷ್ಟ ಹೋಗಿ ಮೂರರಲ್ಲಿ ಒಂದು ಪಾಲು ಉಳಿಯುವುದರಿಂದ ಸಸಾರಜನಕವು ಸುಮಾರು ಮೂರು ಪಟ್ಟಾಗುತ್ತದೆ. ಧಾನ್ಯದಲ್ಲಿ ಬೂಷ್ಟಿನ ವಿಷವಿದ್ದರೆ ಅದೂ ಹಾಗೆಯೇ ಮೂರು ಪಟ್ಟಾಗುತ್ತದೆ. ಪರೀಕ್ಷೆಯ ಚೀಟಿಯಿಲ್ಲದೆ ಕೊಳ್ಳಬಾರದು.

ಲೆಕ್ಕ

ಈಗ ನಮ್ಮ ಕಸಬಿಗೆ ಬರೋಣ. ಕೆಳಗಿನ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ವಾಚಕರು ತಮ್ಮ ಊರಿನ ದರ ಹಾಕಿ ನೋಡಬೇಕು.

ರೂಢಿಯ ಆಹಾರ ಕಿಲೋಗೆ ೪೦ ರೂಪಾಯಿ ಎನ್ನೋಣ. ಒಂದು ಕಿಲೋ ತೂಕ ಏರಲು ಮರಿ ೧.೬ ಕಿಲೋ ತಿನ್ನುತ್ತದೆ. ಖರ್ಚು ೬೪ ರೂಪಾಯಿ.

ಪರೀಕ್ಷಿಸದ ಹಿಂಡಿ ಬೆರೆಸಿದ ಆಹಾರ ೩೭ ರೂಪಾಯಿಗೆ ಸಿಕ್ಕಿತು. ಆದರೆ ಮೈಗೆ ಹತ್ತದ ಕಾರಣ ೧.೮ ಕಿಲೋ ಬೇಕಾಯಿತು. ಖರ್ಚು ೬೬ ರೂಪಾಯಿ ೬೦ ಪೈಸೆ. ಚೀಲದಲ್ಲಿ ಕಿಲೋಗೆ ೩ ರೂಪಾಯಿ ಉಳಿಯಿತೆಂದು ಕಂಡರೂ, ಕೋಳಿಯಲ್ಲಿ ಕಿಲೋಗೆ ೨ ರೂಪಾಯಿ ೬೦ ಪೈಸೆ ನಷ್ಟ. ಎರಡು ಕಿಲೋ ತೂಗುವ ಸಾವಿರ ಕೋಳಿಗೆ ೫,೨೦೦ ರೂಪಾಯಿ. ಸತ್ತ ಮರಿಗಳ ಲೆಕ್ಕ, ಔಷಧದ ಲೆಕ್ಕ ಇದರಲ್ಲಿ ಸೇರಿಲ್ಲ.

ಒಳ್ಳೆಯ ಬಿಳಿಜೋಳವನ್ನು ಸ್ವಲ್ಪ ಪಾಲು ಸೇರಿಸಿದ ಆಹಾರ ೩೮ ರೂಪಾಯಿ ೫೦ ಪೈಸೆಗೆ ಬಂತು, ೧.೬೨ ಕಿಲೋ ಬೇಕಾಯಿತು ಎನ್ನೋಣ. ಖರ್ಚು ೬೨ ರೂಪಾಯಿ ೩೭ ಪೈಸೆ. ಈಗ ಸಾವಿರ ಕೋಳಿಗೆ ೩,೨೬೦ ರೂಪಾಯಿ ಉಳಿತಾಯ. ಹೀಗೆ, ಕಡಮೆ ಬೆಲೆಯ ಎರಡು ಆಹಾರಗಳಲ್ಲಿ ಒಂದು ದುಬಾರಿ, ಮತ್ತೊಂದು ಅಗ್ಗ. ಚೀಲದ ದರದಿಂದ ಇದು ತಿಳಿಯದು, ಕೋಳಿಯನ್ನು ತೂಗಿದರೇ ತಿಳಿಯುವುದು.

ಬದಲಿಸುವ ಕ್ರಮ

ಕಂಪನಿಯ ಕರಾರಿನ ಮೇಲೆ ಕೋಳಿ ಸಾಕುವವರಿಗೆ ಮರಿಯನ್ನೂ ಆಹಾರವನ್ನೂ ಕಂಪನಿಯೇ ಕೊಡುತ್ತದೆ. ಅವರು ಆಹಾರವನ್ನು ಬದಲಿಸುವಂತಿಲ್ಲ. ಆದರೆ ಬಂದ ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲೆ ಇಟ್ಟು ತೇವದಿಂದ ಕಾಪಾಡುವುದು ಅವರ ಕೈಯಲ್ಲಿದೆ. ಸ್ವಂತವಾಗಿ ಸಾಕುವವರು ಈ ಕ್ರಮವನ್ನು ಅನುಸರಿಸಬಹುದು.

೧. ಮೊದಲ ಎರಡು ವಾರ ಮರಿಗಳಿಗೆ ರೂಢಿಯ ಆಹಾರವನ್ನೇ ಕೊಡಿರಿ. ಎಳೆಯ ಹೊಟ್ಟೆಯ ಮೇಲೆ ಪ್ರಯೋಗ ಬೇಡ.

೨. ಬದಲಿ ಪದಾರ್ಥವನ್ನು ಒಮ್ಮೆಗೇ ತುಂಬಬೇಡಿ. ನಾಲ್ಕೈದು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿರಿ.

೩. ಧಾನ್ಯದ ತೇವ ನೂರಕ್ಕೆ ೧೨ಕ್ಕಿಂತ, ಶೇಂಗಾ ಕಾಳಿನದು ೮ಕ್ಕಿಂತ ಹೆಚ್ಚಿರಬಾರದು. ಕಮಟು ವಾಸನೆಯ, ಗಂಟುಕಟ್ಟಿದ ಹಿಂಡಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಮುಟ್ಟಬೇಡಿ.

೪. ಶೆಡ್ಡಿನ ಮೂಲೆಯಲ್ಲಿ ಐವತ್ತು ಮರಿಗಳಿಗೆ ಅಡ್ಡ ಕಟ್ಟಿ, ಅವಕ್ಕೆ ಮಾತ್ರ ಹೊಸ ಆಹಾರ ಹಾಕಿರಿ. ವಾರಕ್ಕೊಮ್ಮೆ ಎರಡೂ ಕಡೆಯ ಹತ್ತು ಹತ್ತು ಮರಿಗಳನ್ನು ತೂಗಿ, ತಿಂದ ಆಹಾರದ ತೂಕದೊಡನೆ ಪುಸ್ತಕದಲ್ಲಿ ಬರೆದಿಡಿರಿ. ಹಿಕ್ಕೆ ನೀರಾಗಿದೆಯೇ, ನೆಲದ ಹಾಸು ಒದ್ದೆಯಾಗಿದೆಯೇ, ಕಾಲು ನೆಟ್ಟಗಿದೆಯೇ ನೋಡಿರಿ.

೫. ಕೊಯ್ದ ಕೋಳಿಯ ಈಲಿಯನ್ನು ಪರೀಕ್ಷಿಸಿರಿ. ಕಡುಗೆಂಪಾಗಿ ನಯವಾಗಿದ್ದರೆ ಒಳ್ಳೆಯದು. ಊದಿ ಹಳದಿಯಾಗಿದ್ದರೆ ಆಹಾರವನ್ನು ನಿಲ್ಲಿಸಿ ಪಶುವೈದ್ಯರಿಗೆ ತೋರಿಸಿರಿ.

ಬೀದರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಇಲ್ಲಿ ರಾಜೇಂದ್ರನಗರದಲ್ಲಿ ಭಾರತೀಯ ಕೃಷಿ ಸಂಶೋಧನ ಪರಿಷತ್ತಿನ ಕೋಳಿ ಸಂಶೋಧನಾಲಯವಿದೆ. ಶೆಡ್ಡಿಗೆ ಲಕ್ಷಗಟ್ಟಲೆ ಹಾಕುವ ಮೊದಲು ಅಲ್ಲಿಯ ತಜ್ಞರನ್ನು ಕಂಡು, ನಮ್ಮ ಊರಿನಲ್ಲಿ ಸಿಗುವ ಧಾನ್ಯ, ಹಿಂಡಿಗಳ ಪಟ್ಟಿಯನ್ನು ತೋರಿಸಿ, ಬೆರಕೆಯ ಪ್ರಮಾಣವನ್ನು ಕೇಳಿಕೊಳ್ಳುವುದರಲ್ಲಿ ಸಂಕೋಚ ಪಡಬಾರದು. ನಮ್ಮ ಬಂಧುಗಳ ಶೆಡ್ಡು ನಿಂತಿರುವುದು ವರ್ಷಗಟ್ಟಲೆ ಬಾಡಿಗೆಮನೆಯಲ್ಲಿದ್ದು ಉಳಿಸಿದ ದುಡ್ಡಿನ ಮೇಲೆ.

ಅಭ್ಯಾಸಕ್ಕೆ

ಈ ಪಾಠವನ್ನು ಊರಿಗೆ ಓದಿ ಹೇಳುವವರು ಕೆಳಗಿನ ಪ್ರಶ್ನೆಗಳನ್ನು ಕೇಳಿ ನೋಡಬಹುದು.

೧. ಎಮ್ಮೆಗೆ ಒಗ್ಗುವ ಹತ್ತಿಕಾಳಿನ ಹಿಂಡಿ ಕೋಳಿಮರಿಗೆ ಏಕೆ ಒಗ್ಗುವುದಿಲ್ಲ?

೨. ಲಸಿಕೆ ಹಾಕಿಸಿದ ಮೇಲೂ ಮರಿಗಳಿಗೆ ರೋಗ ಬಂದರೆ ಆಹಾರದಲ್ಲಿ ಏನನ್ನು ಶಂಕಿಸಬೇಕು?

೩. ಬಿಳಿಜೋಳ ತಿಂದ ಕೋಳಿಯ ಕಾಲು ಬಿಳಿಚಾದರೆ ಅದು ರೋಗವೇ?

೪. ನಿಮ್ಮ ಊರಿನ ದರ ಹಾಕಿ, ಒಂದು ಕಿಲೋ ಕೋಳಿಗೆ ತಗಲುವ ಆಹಾರದ ಖರ್ಚನ್ನು ಬರೆಯಿರಿ.

ನಾಲ್ಕನೆಯದರ ಉತ್ತರವನ್ನು ಬರೆದು ತಂದವರೊಡನೆ ಕುಳಿತು ಲೆಕ್ಕ ನೋಡಲು ನಾವು ಆದಿತ್ಯವಾರ ಬೆಳಗ್ಗೆ ವಾಚನಾಲಯದಲ್ಲಿರುತ್ತೇವೆ.